ಮಿಂಚೋಲೆಗಳ ಸಂರಕ್ಷಣೆ

ನಮ್ಮ ನುಡಿಯಲ್ಲಿ ‘ಓಲೆ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ತಾಳೆಯ ಗರಿಗೂ ಓಲೆಯೆಂದು ಹೆಸರು. ಒಬ್ಬರು ಮತ್ತೊಬ್ಬರಿಗೆ ಬರೆದ ಕಾಗದಕ್ಕೂ ಓಲೆಯೆಂದೇ ಹೆಸರು. ಬರೆಯುವ ವಸ್ತುವಿನ ಹೆಸರು ಬರೆದ ಸಂಗತಿಗೂ ಬಂದುದು ಸಹಜವಾಗಿಯೇ ಇದೆ. ಅಂದು ಓಲೆಯನ್ನು ಕೈಯಲ್ಲಿ ಹಿಡಿದವನೇ ಅದರ ಒಡೆಯ. ಗೆದ್ದಲು, ಬೆಂಕಿ, ಮಳೆ ಇವುಗಳಿಂದ ಅದನ್ನು ಕಾಪಾಡುವ ಹೊಣೆಯೂ ಅವನದೇ ಆಗಿದ್ದಿತು. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್‌ಸನ್ ಎಂಬ ಎಂಜಿನಿಯರು ಕಂಪ್ಯೂಟರುಗಳ ಜಾಲದ ಮೂಲಕ ಒಂದು ಯಂತ್ರದಿಂದ ಮತ್ತೊಂದಕ್ಕೆ ಸಂದೇಶವನ್ನು ಕಳುಹಿಸಿದರು. ವಿಳಾಸದ ನಡುವೆ ಇಂದು ನಾವೆಲ್ಲರೂ ಬರೆಯುವ ‘ಅಟ್’ ಎಂಬ ಚಿಹ್ನೆಯನ್ನು ಆರಿಸಿದವರೂ ಅವರೇ. ಅಂದಿನಿಂದ ಓಲೆಯು ಮಿಂಚೋಲೆಯಾಯಿತು. ಆದರೆ ಈ ಮಾರ್ಪಾಡಿನಲ್ಲಿ ನಾವು ಗಮನಿಸದೆ ಬಿಟ್ಟ ಸಂಗತಿಯೊಂದುಂಟು. ಓಲೆ ನಮ್ಮ ಹೆಸರಿಗೆ ಬರುತ್ತದೆ, ನಮ್ಮ ಕಣ್ಣಿಗೆ ಕಾಣುತ್ತದೆ; ಆದರೆ ಅದು ನಮ್ಮ ಕೈಯಲ್ಲಿ ಇರುವುದಿಲ್ಲ.

ಈ ವಿಷಯವನ್ನು ಕುರಿತು ಬರೆಯಲು ನನ್ನದೇ ಒಂದು ತಪ್ಪು ಕಾರಣವಾಯಿತು. ನನ್ನ ಅಣ್ಣ ಮೂರು ವರ್ಷ ಕಾಲ ದೂರದ ಊರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದನು. ಫೋನಿನಲ್ಲಿ ಮಾತುಕತೆ ನಡೆದೇ ಇದ್ದಿತು. ಆದರೂ ಹದಿನೈದು ದಿನಗಳಿಗೊಮ್ಮೆ ಅವನು ಕಾರ್ಖಾನೆಯವರು ಕೊಟ್ಟಿದ್ದ ವಿಳಾಸದಿಂದ ನನ್ನ ವಿಳಾಸಕ್ಕೆ ಒಂದು ಉದ್ದನೆಯ ಪತ್ರವನ್ನು ಬರೆಯುತ್ತಿದ್ದನು. ರಾತ್ರಿ ಊಟವಾದ ಮೇಲೆ ನಾನು ಅದನ್ನು ಅಮ್ಮನಿಗೆ ಓದಿ ಹೇಳುತ್ತಿದ್ದೆ. ಅಮ್ಮ ಹೇಳಿದ ಉತ್ತರವನ್ನು ಅವಳ ಮಾತಿನಲ್ಲಿಯೇ ಬೆರಳಚ್ಚು ಮಾಡಿ ಕಳುಹಿಸುತ್ತಿದ್ದೆ. ಒಮ್ಮೆ ಫೋನಿನಲ್ಲಿ ಜಾಗ ಸಾಲದೆ ಬಂದಾಗ ಆ ಹಳೆಯ ಪತ್ರಗಳನ್ನೂ ಉತ್ತರಗಳನ್ನೂ ಅಳಿಸಿದೆ. ಫೋನಿನಿಂದ ಮಾತ್ರ ಅಳಿಯುತ್ತದೆ, ಅಸಲು ಪತ್ರ ಕಂಪೆನಿಯ ಯಂತ್ರದಲ್ಲಿ ಇದ್ದೇ ಇರುತ್ತದೆ ಎಂದು ನಂಬಿದ್ದೆ. ಎರಡು ತಿಂಗಳ ತರುವಾಯ ಅಮ್ಮ, “ಅವನು ಮೊದಲನೆಯ ಸಂಬಳದ ದಿವಸ ಬರೆದಿದ್ದನಲ್ಲಾ, ಅದನ್ನು ಇನ್ನೊಂದು ಸಲ ಓದೋ” ಎಂದಳು. ಹುಡುಕಿದರೆ ಎಲ್ಲಿಯೂ ಇಲ್ಲ. ಅಣ್ಣನನ್ನು ಕೇಳಿದೆ. ಅವನು ಆ ವೇಳೆಗೆ ಕೆಲಸ ಬದಲಾಯಿಸಿದ್ದನು; ಬಿಟ್ಟ ದಿನವೇ ಆ ವಿಳಾಸವೂ ಮುಚ್ಚಿಹೋಗಿದ್ದಿತು. ಎರಡು ಕಡೆ ಇದ್ದ ಪತ್ರಗಳು ಎರಡು ಕಡೆಯೂ ಇಲ್ಲದಂತಾದುವು. ಉಳಿದುದು ಒಂದೇ ಒಂದು. ಬ್ಯಾಂಕಿನಲ್ಲಿ ತೋರಿಸಲೆಂದು ಕಾಗದದ ಮೇಲೆ ಮುದ್ರಿಸಿಕೊಂಡಿದ್ದ ಪತ್ರವದು. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲವೆಂದು ಹಿರಿಯರು ಹೇಳುತ್ತಾರೆ. ಚಿಂತಿಸಿ ಫಲವಿಲ್ಲದಿದ್ದರೂ, ಅದು ಏಕೆ ಮಿಂಚಿಹೋಯಿತೆಂದು ತಿಳಿದುಕೊಳ್ಳುವುದರಿಂದ ಮುಂದಿನವರಿಗೆ ಫಲವುಂಟು.

ಮೊದಲು ಮಿಂಚೋಲೆ ಇರುವುದೆಲ್ಲಿ ಎಂಬುದನ್ನು ನೋಡೋಣ. ನಮಗೆ ಬಂದ ಪತ್ರವು ಸೇವೆಯನ್ನು ಒದಗಿಸುವ ಸಂಸ್ಥೆಯ ಸರ್ವರು ಎಂಬ ದೊಡ್ಡ ಕಂಪ್ಯೂಟರಿನಲ್ಲಿ ಬಂದು ನಿಲ್ಲುತ್ತದೆ. ಅದನ್ನು ನಾವು ಪಡೆಯುವ ಪದ್ಧತಿಗಳಲ್ಲಿ ಎರಡು ಮುಖ್ಯ. 1984ರಲ್ಲಿ ಬಂದ ‘ಪಾಪ್’ ಎಂಬ ಪದ್ಧತಿಯು ಅಂಚೆ ಕಛೇರಿಗೆ ಹೋಗಿ ಕಾಗದವನ್ನು ಮನೆಗೆ ತಂದುಕೊಂಡಂತೆ: ಪತ್ರವು ನಮ್ಮ ಯಂತ್ರಕ್ಕೆ ಇಳಿದು ಬರುತ್ತದೆ, ಸಾಮಾನ್ಯವಾಗಿ ಸರ್ವರಿನಲ್ಲಿ ಉಳಿಯುವುದಿಲ್ಲ. 1986ರಲ್ಲಿ ಮಾರ್ಕ್ ಕ್ರಿಸ್ಪಿನ್ ಎಂಬವರು ರೂಪಿಸಿದ ‘ಐಮ್ಯಾಪ್’ ಎಂಬ ಪದ್ಧತಿಯು ಕಾಗದವನ್ನು ಅಂಚೆ ಕಛೇರಿಯಲ್ಲಿಯೇ ಇರಿಸಿ, ಕಿಟಕಿಯ ಬಳಿ ನಿಂತು ಓದಿದಂತೆ. ಹಲವು ಯಂತ್ರಗಳನ್ನು ಬಳಸುವ ಈ ಕಾಲಕ್ಕೆ ಎರಡನೆಯದೇ ಅನುಕೂಲ. ಇಂದು ನಮ್ಮ ಫೋನುಗಳಲ್ಲಿರುವ ಮಿಂಚಂಚೆಯ ಆ್ಯಪುಗಳೆಲ್ಲವೂ ಬಹುಮಟ್ಟಿಗೆ ಇದೇ ರೀತಿಯಲ್ಲಿ ನಡೆಯುತ್ತವೆ. ಫೋನಿನಲ್ಲಿ ಓದಿದರೆ ಕಂಪ್ಯೂಟರಿನಲ್ಲಿಯೂ ಓದಿದಂತೆ ತೋರುತ್ತದೆ. ಅದೇ ನ್ಯಾಯದಿಂದ, ಫೋನಿನಲ್ಲಿ ಅಳಿಸಿದರೆ ಎಲ್ಲ ಕಡೆಯಿಂದಲೂ ಅಳಿಯುತ್ತದೆ. ಜಿಮೇಲಿನಲ್ಲಿ ಅಳಿಸಿದ ಪತ್ರವು 30 ದಿನ ಕಸದ ಪೆಟ್ಟಿಗೆಯಲ್ಲಿರುತ್ತದೆ. ಆ ಬಳಿಕ ಅಲ್ಲಿಂದಲೂ ಹೊರಟುಹೋಗುತ್ತದೆ. ನಾನು ಮಾಡಿದ ತಪ್ಪು ಇದೇ. ಒಂದೇ ಪತ್ರವನ್ನು ಎರಡು ಕಿಟಕಿಗಳಿಂದ ನೋಡಿ ಎರಡು ಪತ್ರಗಳೆಂದು ಭ್ರಮಿಸಿದೆ. ಕನ್ನಡಿಯಲ್ಲಿ ಕಂಡ ಗಂಟನ್ನು ಉಳಿತಾಯವೆಂದು ಲೆಕ್ಕ ಹಿಡಿಯುವುದು ಹೇಗೋ ಇದೂ ಹಾಗೆಯೇ.

ಇನ್ನು ಮಿಂಚೋಲೆ ಕಳೆದುಹೋಗುವ ಬಗೆಗಳು ಹಲವು. ಒಂದನೆಯದು, ಈಗ ಹೇಳಿದಂತೆ, ನಮ್ಮ ಕೈಯಿಂದಲೇ ಆಗುವ ನಷ್ಟ. ಎರಡನೆಯದು ಬೀಗದ ಕೈ ಕಳೆದುಕೊಳ್ಳುವುದು. ಪಾಸ್‌ವರ್ಡು ಮರೆತು, ಖಾತೆಗೆ ಜೋಡಿಸಿದ್ದ ಫೋನ್ ನಂಬರನ್ನೂ ಬಿಟ್ಟುಬಿಟ್ಟವನಿಗೆ ಪತ್ರಗಳೆಲ್ಲ ಸುರಕ್ಷಿತವಾಗಿದ್ದರೂ ಇಲ್ಲದಂತೆಯೇ. ನಮ್ಮ ವಿದ್ಯಾರ್ಥಿಗಳಲ್ಲಿ ಅಗ್ಗದ ಯೋಜನೆ ಬಂತೆಂದು ವರ್ಷಕ್ಕೊಮ್ಮೆ ಸಿಮ್ ಬದಲಾಯಿಸುವವರು ಇದನ್ನು ಮುಖ್ಯವಾಗಿ ಗಮನಿಸಬೇಕು. ಮೂರನೆಯದು ಸಂಸ್ಥೆಯ ನಿಯಮಗಳಿಂದ ಬರುವುದು. ಎರಡು ವರ್ಷ ಕಾಲ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸಬಹುದೆಂದು ಗೂಗಲ್ ಸಂಸ್ಥೆಯು 2023ರ ಮೇ ತಿಂಗಳಲ್ಲಿ ಪ್ರಕಟಿಸಿ, ಅದೇ ವರ್ಷದ ಡಿಸೆಂಬರಿನಿಂದ ಅದನ್ನು ಕಾರ್ಯರೂಪಕ್ಕೆ ತಂದಿತು. 2004ರ ಏಪ್ರಿಲ್ 1ರಂದು ಜಿಮೇಲ್ ಆರಂಭವಾದಾಗ 1 ಜಿಬಿ ಜಾಗವೇ ಲೋಕಕ್ಕೆಲ್ಲ ಸೋಜಿಗವಾಗಿದ್ದಿತು. ಈಗ ಉಚಿತ ಖಾತೆಗೆ ಸಾಮಾನ್ಯವಾಗಿ 15 ಜಿಬಿ ಇದ್ದರೂ ಅದು ಪತ್ರ, ಛಾಯಾಚಿತ್ರ, ಇತರ ಕಡತ ಎಲ್ಲಕ್ಕೂ ಸೇರಿದ ಜಾಗ. ಅದು ತುಂಬಿದರೆ ಹೊಸ ಪತ್ರಗಳು ಬರುವುದೇ ನಿಲ್ಲುತ್ತದೆ. ಆಗ ಮನುಷ್ಯನು ಗಾಬರಿಯಿಂದ ಸಿಕ್ಕಿದ್ದನ್ನೆಲ್ಲ ಅಳಿಸಲು ತೊಡಗುತ್ತಾನೆ.

ನಾಲ್ಕನೆಯದು ಕಾಲೇಜು, ಕಛೇರಿ, ಕಾರ್ಖಾನೆಗಳು ಕೊಡುವ ವಿಳಾಸ. ಅದು ಬಾಡಿಗೆಯ ಮನೆಯಿದ್ದಂತೆ. ನಂಟು ಮುಗಿದ ದಿನ ಬಿಟ್ಟು ಹೊರಡಬೇಕು. ಅಂಥ ವಿಳಾಸಕ್ಕೆ ಬಂದ ಸ್ವಂತ ಪತ್ರಗಳನ್ನು ನಿಯಮಕ್ಕೆ ಒಳಪಟ್ಟು ಮೊದಲೇ ತೆಗೆದುಕೊಳ್ಳದೆ ಇದ್ದರೆ ಆಮೇಲೆ ಬಾಗಿಲು ತಟ್ಟಿ ಪ್ರಯೋಜನವಿಲ್ಲ. ಐದನೆಯದು ಯಂತ್ರದ ಅಥವಾ ತಂತ್ರಾಂಶದ ದೋಷ. ಇದು ಅಪರೂಪ; ಆದರೆ ಇಲ್ಲವೇ ಇಲ್ಲವೆಂದಲ್ಲ. 2011ರ ಫೆಬ್ರವರಿ 27ರಂದು ಜಿಮೇಲಿನ ಕೆಲವು ಬಳಕೆದಾರರು ತಮ್ಮ ಪೆಟ್ಟಿಗೆಯನ್ನು ತೆರೆದು ನೋಡಿದಾಗ ಅದು ಬರಿದಾಗಿದ್ದಿತು. ಸಂಗ್ರಹ ವ್ಯವಸ್ಥೆಯ ತಂತ್ರಾಂಶಕ್ಕೆ ಮಾಡಿದ ಒಂದು ತಿದ್ದುಪಡಿಯಲ್ಲಿದ್ದ ದೋಷವೇ ಇದಕ್ಕೆ ಕಾರಣ. ತೊಂದರೆಗೆ ಒಳಗಾದವರು ಬಳಕೆದಾರರಲ್ಲಿ ಸುಮಾರು ಶೇಕಡ 0.02ರಷ್ಟು ಮಂದಿ ಎಂದು ಸಂಸ್ಥೆ ತಿಳಿಸಿತು.

ಈ ಪ್ರಸಂಗದಲ್ಲಿ ನಾವು ಕಲಿಯಬೇಕಾದ ಪಾಠವೊಂದಿದೆ. ಆ ಸಂಸ್ಥೆಯವರು ಪ್ರತಿಯೊಂದು ಪತ್ರವನ್ನೂ ಬೇರೆ ಬೇರೆ ಕೇಂದ್ರಗಳಲ್ಲಿ ಹಲವು ಪ್ರತಿಗಳಾಗಿ ಇರಿಸಿದ್ದರು. ಆದರೆ ಆ ಪ್ರತಿಗಳೆಲ್ಲ ಒಂದೇ ತಂತ್ರಾಂಶದ ಅಧೀನದಲ್ಲಿದ್ದುದರಿಂದ ಒಂದೇ ದೋಷವು ಎಲ್ಲವನ್ನೂ ಮುಟ್ಟಿತು. ಕೊನೆಗೆ ಕೈಹಿಡಿದುದು ಯಾವುದು? ಜಾಲಕ್ಕೆ ತಗುಲದೆ ಬೇರೆಯಾಗಿ ಇರಿಸಿದ್ದ ಕಾಂತೀಯ ಟೇಪುಗಳು. ಅವುಗಳಿಂದ ಪತ್ರಗಳನ್ನು ಓದಿ ಮರಳಿ ತುಂಬಿದರು. ಇದಕ್ಕೆ ಹೆಚ್ಚು ಹೊತ್ತು ಹಿಡಿಯಿತು, ಆದರೆ ಪತ್ರಗಳು ಮರಳಿ ಬಂದುವು. ಲೋಕದಲ್ಲಿಯೇ ದೊಡ್ಡದಾದ ಸಂಸ್ಥೆಯೊಂದು ತನ್ನ ಯಂತ್ರಗಳನ್ನು ಪೂರ್ಣವಾಗಿ ನಂಬದೆ ಟೇಪುಗಳನ್ನು ಕಾದಿರಿಸಿತ್ತೆಂದ ಮೇಲೆ, ನಾವು ಒಂದು ಪೆನ್‌ಡ್ರೈವನ್ನಾದರೂ ಕಾದಿರಿಸದಿರುವುದು ಜಾಣತನವಲ್ಲ.

ಹಾಗಾದರೆ ಪ್ರತಿ, ಅಂದರೆ ಜನ ಬ್ಯಾಕಪ್ ಎಂದು ಕರೆಯುವುದು, ಯಾವುದು? ಅದಕ್ಕೆ ಮೂರು ಲಕ್ಷಣಗಳನ್ನು ಹೇಳಬಹುದು. ಅಸಲು ಅಳಿದರೂ ತಾನು ಅಳಿಯದಿರುವುದು ಮೊದಲನೆಯ ಲಕ್ಷಣ. ಬೇರೊಂದು ಯಂತ್ರದಲ್ಲಿ, ಬೇರೊಬ್ಬರ ಅಪ್ಪಣೆಯಿಲ್ಲದೆ ತೆರೆಯಲು ಬರುವುದು ಎರಡನೆಯದು. ತೆರೆದಾಗ ಓದಲು ಬರುವುದು ಮೂರನೆಯದು. ಛಾಯಾಚಿತ್ರಗಳ ಸಂಗ್ರಹವನ್ನು ಕುರಿತು ಬರೆದ ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕರು ‘3-2-1’ ಎಂಬ ಸೂತ್ರವನ್ನು ಪ್ರಚಾರಕ್ಕೆ ತಂದರು. ಅಸಲೂ ಸೇರಿ ಮೂರು ಪ್ರತಿಗಳಿರಲಿ. ಅವು ಎರಡು ಬಗೆಯ ಸಾಧನಗಳ ಮೇಲಿರಲಿ. ಒಂದಾದರೂ ಬೇರೆ ಸ್ಥಳದಲ್ಲಿರಲಿ ಎಂಬುದು ಇದರ ಅರ್ಥ. ನಮ್ಮಂಥವರಿಗೆ ಇದು ಕಷ್ಟವೇನೂ ಅಲ್ಲ. ಸರ್ವರಿನಲ್ಲಿ ಅಸಲು, ಮನೆಯ ಅಥವಾ ಸ್ನೇಹಿತನ ಕಂಪ್ಯೂಟರಿನಲ್ಲಿ ಒಂದು, ಪೆನ್‌ಡ್ರೈವಿನಲ್ಲಿ ಒಂದು ಇದ್ದರೆ ಸಾಕು. ಪೆನ್‌ಡ್ರೈವನ್ನು ಸೋದರಮಾವನ ಮನೆಯ ಬೀರುವಿನಲ್ಲಿಟ್ಟರೆ ಬೇರೆ ಸ್ಥಳವೂ ಆಯಿತು.

ಇನ್ನು ಮಾಡುವ ಕ್ರಮವನ್ನು ಹೇಳುತ್ತೇನೆ. ಜಿಮೇಲ್ ಬಳಸುವವರಿಗೆ ಗೂಗಲ್ ಸಂಸ್ಥೆಯೇ ‘ಟೇಕ್‌ಔಟ್’ ಎಂಬ ಏರ್ಪಾಡನ್ನು 2011ರಿಂದ ಒದಗಿಸಿದೆ. 2013ರ ಡಿಸೆಂಬರಿನಲ್ಲಿ ಪತ್ರಗಳೂ ಅದರಲ್ಲಿ ಸೇರಿದುವು. ಅಲ್ಲಿ ಹೋಗಿ, ಮೊದಲು ಎಲ್ಲ ಗುರುತುಗಳನ್ನೂ ತೆಗೆದು, ‘ಮೇಲ್’ ಎಂಬುದನ್ನು ಮಾತ್ರ ಆರಿಸಿ ಕೋರಿಕೆಯನ್ನು ಸಲ್ಲಿಸಬೇಕು. ಕೆಲವು ಗಂಟೆಗಳಲ್ಲಿ, ಕೆಲವು ವೇಳೆ ಒಂದೆರಡು ದಿನಗಳಲ್ಲಿ, ಕಡತವನ್ನು ಇಳಿಸಿಕೊಳ್ಳುವ ಕೊಂಡಿ ಬರುತ್ತದೆ. ಆ ಕೊಂಡಿಗೆ ಸುಮಾರು ಒಂದು ವಾರದ ಆಯುಸ್ಸು, ಆದುದರಿಂದ ತಡಮಾಡಬಾರದು. ಬರುವ ಕಡತದ ಹೆಸರು ‘ಎಂಬಾಕ್ಸ್’. ಇದು ಪತ್ರಗಳನ್ನು ಒಂದರ ಕೆಳಗೆ ಒಂದರಂತೆ ಪೋಣಿಸಿದ ಸಾದಾ ಅಕ್ಷರಗಳ ಕಡತ. ಹಳೆಯ ಪದ್ಧತಿಯಾದುದರಿಂದಲೇ ಇದಕ್ಕೆ ಬೆಲೆ. ಯಾವ ಒಂದು ಕಂಪೆನಿಗೂ ಸೇರದ ರೂಪವಾದ ಕಾರಣ ಇದನ್ನು ಓದುವ ತಂತ್ರಾಂಶಗಳು ಅನೇಕವಿವೆ.

ಎರಡನೆಯ ಕ್ರಮವು ‘ಥಂಡರ್‌ಬರ್ಡ್’ ಎಂಬ ಉಚಿತ ತಂತ್ರಾಂಶದ ಮೂಲಕ. ಇದರ ಮೊದಲನೆಯ ಪೂರ್ಣ ಆವೃತ್ತಿ 2004ರ ಡಿಸೆಂಬರಿನಲ್ಲಿ ಬಂದಿತು. ಇದನ್ನು ಕಂಪ್ಯೂಟರಿನಲ್ಲಿ ಸ್ಥಾಪಿಸಿ, ನಮ್ಮ ಖಾತೆಯನ್ನು ಐಮ್ಯಾಪ್ ರೀತಿಯಲ್ಲಿ ಜೋಡಿಸಿದರೆ ಪತ್ರಗಳು ಕಾಣುತ್ತವೆ. ಆದರೆ ಕಂಡಷ್ಟಕ್ಕೇ ಅವು ಪ್ರತಿಯಾಗಲಿಲ್ಲ. ಅದೂ ಒಂದು ಕಿಟಕಿಯೇ. ಪತ್ರಗಳನ್ನು ಆರಿಸಿ, ‘ಲೋಕಲ್ ಫೋಲ್ಡರ್ಸ್’ ಎಂಬ ಸ್ಥಳದಲ್ಲಿ ನಾವೇ ಮಾಡಿಕೊಂಡ ಫೋಲ್ಡರಿಗೆ ನಕಲು ಮಾಡಬೇಕು. ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ‘ಕಾಪಿ’ ಎಂಬುದನ್ನು ಆರಿಸಬೇಕೇ ಹೊರತು ‘ಮೂವ್’ ಎಂಬುದನ್ನಲ್ಲ. ಎರಡನೆಯದನ್ನು ಆರಿಸಿದರೆ ಪತ್ರವು ಸರ್ವರಿನಿಂದ ಹೊರಟು ನಮ್ಮ ಯಂತ್ರದಲ್ಲಿ ಮಾತ್ರ ಉಳಿಯುತ್ತದೆ. ಆಗ ಮತ್ತೆ ಒಂದೇ ಪ್ರತಿ. ಟೇಕ್‌ಔಟಿನಿಂದ ಬಂದ ಕಡತವನ್ನೂ, ಆಮದು ಮಾಡುವ ಪೂರಕ ತಂತ್ರಾಂಶದ ನೆರವಿನಿಂದ, ಥಂಡರ್‌ಬರ್ಡಿನಲ್ಲಿ ತೆರೆದು ಓದಬಹುದು.

ಮೂರನೆಯ ಕ್ರಮ ಎಲ್ಲಕ್ಕಿಂತ ಹಳೆಯದು, ಕಾಗದದ ಮೇಲೆ ಮುದ್ರಿಸುವುದು. ಎಲ್ಲವನ್ನೂ ಮುದ್ರಿಸುವುದು ಆಗದ ಮಾತು. ಆದರೆ ವರ್ಷಕ್ಕೆ ಹತ್ತು ಪತ್ರಗಳನ್ನು, ಅಂದರೆ ನೇಮಕದ ಆದೇಶ, ವಿದ್ಯಾರ್ಥಿವೇತನದ ಮಂಜೂರಾತಿ, ಮನೆಯವರ ಒಳ್ಳೆಯ ಪತ್ರ ಇಂಥವನ್ನು, ಮುದ್ರಿಸಿ ಇಡುವುದಕ್ಕೆ ಖರ್ಚು ಅತ್ಯಲ್ಪ. ಕಾಗದಕ್ಕೆ ಪಾಸ್‌ವರ್ಡು ಬೇಡ, ವಿದ್ಯುತ್ತೂ ಬೇಡ. ಆದರೆ ದಾಖಲೆಯ ಪತ್ರಗಳಲ್ಲಿ ಮುದ್ರಿತ ಪ್ರತಿಯಾಗಲಿ, ಪರದೆಯ ಚಿತ್ರವಾಗಲಿ ಪೂರ್ಣವಲ್ಲವೆಂಬುದನ್ನು ನೆನಪಿಡಬೇಕು. ಪತ್ರವು ಯಾವ ಯಾವ ಸರ್ವರುಗಳನ್ನು ಹಾದು ಯಾವ ವೇಳೆಗೆ ಬಂದಿತೆಂಬ ವಿವರವು ಕಣ್ಣಿಗೆ ಕಾಣದ ತಲೆಬರಹದಲ್ಲಿರುತ್ತದೆ. ಅಂಚೆ ಕಾಗದಕ್ಕೆ ಮುದ್ರೆ ಹೇಗೋ ಮಿಂಚೋಲೆಗೆ ಇದು ಹಾಗೆ. ಮೂಲ ಕಡತವನ್ನು ಇಟ್ಟುಕೊಂಡರೆ ಮಾತ್ರ ಅದು ಉಳಿಯುತ್ತದೆ.

ಇಷ್ಟಕ್ಕೆಲ್ಲ ಎಷ್ಟು ಜಾಗ ಬೇಕು ಎಂಬ ಪ್ರಶ್ನೆ ಸಹಜ. ಯೂನಿಕೋಡಿನ ರೂಢಿಯ ಬರಹದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟುಗಳು ಬೇಕು. ಸಾವಿರ ಸಂಕೇತಗಳ ಪತ್ರಕ್ಕೆ 3,000 ಬೈಟುಗಳಾದುವು. ತಲೆಬರಹವೇ ಮೊದಲಾದುವನ್ನು ಸೇರಿಸಿ ಒಂದು ಪತ್ರಕ್ಕೆ ಧಾರಾಳವಾಗಿ 10 ಕೆಬಿ ಎಂದಿಟ್ಟುಕೊಂಡರೂ 10,000 ಪತ್ರಗಳಿಗೆ ಸುಮಾರು 100 ಎಂಬಿ ಮಾತ್ರ. ಒಂದು ಸಿನಿಮಾಕ್ಕೆ ಬೇಕಾಗುವ ಜಾಗಕ್ಕಿಂತ ಇದು ಎಷ್ಟೋ ಕಡಿಮೆ. ಜಾಗವನ್ನು ನುಂಗುವುದು ಲಗತ್ತುಗಳು. ಮಿಂಚಂಚೆಯು ಅಕ್ಷರಗಳಿಗಾಗಿ ಹುಟ್ಟಿದುದರಿಂದ, ಚಿತ್ರ ಮುಂತಾದುವುಗಳ ಪ್ರತಿ ಮೂರು ಬೈಟುಗಳನ್ನು ನಾಲ್ಕು ಅಕ್ಷರಗಳಾಗಿ ಬದಲಾಯಿಸಿ ಕಳುಹಿಸುತ್ತಾರೆ. 15 ಎಂಬಿಯ ಕಡತವು ಪತ್ರದೊಳಗೆ ಸುಮಾರು 20 ಎಂಬಿಯಾಗುವುದು ಇದರಿಂದಲೇ. ಇನ್ನೂ ದೊಡ್ಡ ಕಡತಗಳು ಲಗತ್ತಾಗಿ ಬಾರದೆ ಕೊಂಡಿಯಾಗಿ ಬರುವುದುಂಟು. ಆಗ ಪತ್ರದ ಪ್ರತಿಯಲ್ಲಿ ಕೊಂಡಿ ಮಾತ್ರ ಇರುತ್ತದೆ, ಕಡತವಿರುವುದಿಲ್ಲ. ಅದನ್ನು ಬೇರೆಯಾಗಿ ಇಳಿಸಿಕೊಳ್ಳತಕ್ಕದ್ದು.

ಕನ್ನಡದಲ್ಲಿ ಪತ್ರ ಬರೆಯುವವರಿಗೆ ವಿಶೇಷವಾದ ತೊಡಕೊಂದುಂಟು. ಯೂನಿಕೋಡಿನ ಬಳಕೆ ಹರಡುವುದಕ್ಕೆ ಮೊದಲು ಬರಹ, ನುಡಿ ಮೊದಲಾದ ತಂತ್ರಾಂಶಗಳ ಅಕ್ಷರವಿನ್ಯಾಸಗಳಿಂದ ಕನ್ನಡವನ್ನು ಬರೆಯುತ್ತಿದ್ದರು. ಅಲ್ಲಿ ಕಡತದೊಳಗೆ ನಿಜವಾಗಿ ಇರುತ್ತಿದ್ದುದು ರೋಮನ್ ಅಕ್ಷರಗಳ ಸಂಕೇತಗಳು. ಕಣ್ಣಿಗೆ ಕನ್ನಡವಾಗಿ ತೋರಿಸುತ್ತಿದ್ದುದು ಆ ಅಕ್ಷರವಿನ್ಯಾಸ. ಅದು ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣುತ್ತದೆ. ಇಂಥ ಹಳೆಯ ಪತ್ರ, ಲೇಖನಗಳು ಮನೆಯ ಹಿರಿಯರ ಬಳಿಯೂ ಅಧ್ಯಾಪಕರ ಬಳಿಯೂ ಇನ್ನೂ ಇರಬಹುದು. ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸಿದ ಪ್ರತಿಯನ್ನೂ ಮೂಲವನ್ನೂ ಜೊತೆಯಲ್ಲಿಯೇ ಇರಿಸುವುದು ಮೇಲು. ಲಿಪಿ ಬಲ್ಲವರಿಲ್ಲದ ಶಾಸನದಂತೆ, ಕಡತ ಉಳಿದೂ ಓದುವವರಿಲ್ಲದಿದ್ದರೆ ಅದು ಉಳಿದಂತಾಗಲಿಲ್ಲ.

ಪ್ರತಿ ಮಾಡಿದರೆ ಸಾಲದು. ಅದನ್ನು ಪರರಿಂದ ಕಾಯಬೇಕು. ನಮ್ಮ ಪೆಟ್ಟಿಗೆಯಲ್ಲಿ ಬ್ಯಾಂಕಿನ ಕಾಗದ, ಆಧಾರ್ ಕಾರ್ಡಿನ ಚಿತ್ರ, ಸ್ನೇಹಿತರು ನಂಬಿ ಬರೆದ ಮಾತು ಎಲ್ಲವೂ ಇರುತ್ತವೆ. ಬಸ್ಸಿನಲ್ಲಿ ಬಿದ್ದುಹೋದ ಒಂದು ಪೆನ್‌ಡ್ರೈವು ಅವೆಲ್ಲವನ್ನೂ ಅಪರಿಚಿತರ ಕೈಗೆ ಕೊಟ್ಟೀತು. ಆದುದರಿಂದ ಕಡತವನ್ನು ಪಾಸ್‌ವರ್ಡಿನಿಂದ ಬಂಧಿಸಿ ಇಡಬೇಕು. ‘ಸೆವೆನ್-ಜಿಪ್’ ಎಂಬ ಉಚಿತ ತಂತ್ರಾಂಶದಲ್ಲಿ ಇದಕ್ಕೆ ಬಲವಾದ ಬೀಗವುಂಟು. ಆ ಪಾಸ್‌ವರ್ಡನ್ನು ಮರೆತರೆ ತೆರೆಯುವ ಉಪಾಯವಿಲ್ಲ; ಅದನ್ನು ಪುಸ್ತಕದಲ್ಲಿ ಬರೆದು ಮನೆಯಲ್ಲಿಡುವುದು ತಪ್ಪಲ್ಲ, ಪೆನ್‌ಡ್ರೈವಿನ ಮೇಲೆಯೇ ಬರೆದಿಡುವುದು ತಪ್ಪು. ಸೈಬರ್ ಕೇಂದ್ರದಲ್ಲಾಗಲಿ ಕಾಲೇಜಿನ ಪ್ರಯೋಗಾಲಯದಲ್ಲಾಗಲಿ ಈ ಕೆಲಸ ಮಾಡಿದರೆ, ಮುಗಿದ ಮೇಲೆ ಇಳಿಸಿಕೊಂಡ ಕಡತವನ್ನು ಆ ಯಂತ್ರದಿಂದ ಅಳಿಸಿ, ಖಾತೆಯಿಂದ ಹೊರಬರಬೇಕು. ಗೂಗಲ್ ಖಾತೆಗೆ ಎರಡು ಹಂತದ ಪರೀಕ್ಷೆಯನ್ನು ಇಟ್ಟುಕೊಂಡವರಿಗೆ ಒಂದೊಂದೇ ಸಲ ಬಳಸಬಹುದಾದ 10 ಸಂಕೇತಗಳ ಪಟ್ಟಿ ಸಿಗುತ್ತದೆ. ಅದನ್ನು ಕಾಗದದ ಮೇಲೆ ಬರೆದು ಅಂಕಪಟ್ಟಿಗಳ ಜೊತೆಯಲ್ಲಿಟ್ಟರೆ ಫೋನು ಕಳೆದ ದಿನ ಅದೇ ಬೀಗದ ಕೈ.

ಕಡೆಯದಾಗಿ ಪರೀಕ್ಷೆಯ ಮಾತು. ತೆರೆದು ನೋಡದ ಪ್ರತಿಯನ್ನು ಪ್ರತಿಯೆಂದು ನಂಬಬಾರದು. ಕಡತ ಅರ್ಧ ಇಳಿದಿರಬಹುದು, ಪೆನ್‌ಡ್ರೈವು ಕೆಟ್ಟಿರಬಹುದು. ಅದರೊಳಗಿನ ಮಾಹಿತಿ ಸೂಕ್ಷ್ಮವಾದ ವಿದ್ಯುದಾವೇಶದ ರೂಪದಲ್ಲಿರುವುದರಿಂದ ವರ್ಷಗಟ್ಟಲೆ ಮುಟ್ಟದೆ ಇಟ್ಟರೆ ಅದು ಸೋರಿಹೋಗುವ ಸಂಭವವುಂಟು. ಪ್ರತಿಯೊಂದು ಸೆಮಿಸ್ಟರು ಮುಗಿದಾಗಲೂ ಹೊಸ ಪ್ರತಿಯನ್ನು ಮಾಡಿ, ಬೇರೊಂದು ಯಂತ್ರದಲ್ಲಿ ತೆರೆದು, ಹಳೆಯ ಪತ್ರವೊಂದನ್ನೂ ಹೊಸ ಪತ್ರವೊಂದನ್ನೂ ಲಗತ್ತಿರುವ ಪತ್ರವೊಂದನ್ನೂ ಓದಿ ನೋಡಬೇಕು. ಮೂರೂ ಸರಿಯಾಗಿದ್ದರೆ ಮೇಲೆ ತಾರೀಖನ್ನು ಬರೆದು ಇಡಬೇಕು. ಹೊಸದು ಸರಿಯಾಗಿದೆಯೆಂದು ತಿಳಿಯುವವರೆಗೆ ಹಳೆಯ ಪ್ರತಿಯನ್ನು ಅಳಿಸಕೂಡದು. ಇದೆಲ್ಲಕ್ಕೂ ಸೇರಿ ನಾವು ವ್ಯಯಿಸುವುದು ಒಂದು ಭಾನುವಾರದ ಬೆಳಗು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದಕ್ಕಿಂತ ಇದು ಸುಲಭ.

ಪ್ರತಿ ಮಾಡಿ ಉಳಿಸುವ ಕೆಲಸ ನಮ್ಮ ನಾಡಿಗೆ ಹೊಸದಲ್ಲ. ಹತ್ತನೆಯ ಶತಮಾನದ ಕವಿ ಪೊನ್ನನ ‘ಶಾಂತಿಪುರಾಣ’ವನ್ನು ದಾನಚಿಂತಾಮಣಿ ಅತ್ತಿಮಬ್ಬೆಯು ಸಾವಿರ ಪ್ರತಿಗಳಾಗಿ ಬರೆಸಿ ಹಂಚಿದಳೆಂದು ಸಾಹಿತ್ಯದ ಚರಿತ್ರೆಯಲ್ಲಿ ಓದುತ್ತೇವೆ. ಆ ಕಾವ್ಯ ಇಂದಿಗೂ ನಮ್ಮ ಕೈಯಲ್ಲಿದೆ. ಅದೇ ಕವಿಯ ‘ಭುವನೈಕರಾಮಾಭ್ಯುದಯ’ ನಮಗೆ ದೊರೆತಿಲ್ಲ. ಹೆಸರು ಮಾತ್ರ ಉಳಿದಿದೆ. ನಮ್ಮ ಪತ್ರಗಳು ಕಾವ್ಯಗಳಲ್ಲ, ಅವಕ್ಕೆ ಸಾವಿರ ಪ್ರತಿಗಳೂ ಬೇಡ. ಎರಡು ಸಾಕು. ಆದರೆ ಆ ಎರಡನ್ನು ಮಾಡಿಸಲು ಅತ್ತಿಮಬ್ಬೆ ಬರುವುದಿಲ್ಲ. ಅವರವರ ಓಲೆಗೆ ಅವರವರೇ ಲಿಪಿಕಾರರು.

ಅಣ್ಣ ಈಗ ತನ್ನ ಸ್ವಂತ ವಿಳಾಸದಿಂದ ಬರೆಯುತ್ತಾನೆ. ಅವನ ಪತ್ರಗಳು ಮೂರು ಕಡೆ ಇವೆ. ಕಳೆದುಹೋದುವು ಮಾತ್ರ ಮರಳಿ ಬರಲಿಲ್ಲ. ಬ್ಯಾಂಕಿಗಾಗಿ ಮುದ್ರಿಸಿದ್ದ ಆ ಒಂದು ಪತ್ರವನ್ನು ಅಮ್ಮ ಸೀರೆಗಳ ಕೆಳಗೆ ಟ್ರಂಕಿನಲ್ಲಿಟ್ಟಿದ್ದಾಳೆ. ಅದರಲ್ಲಿ ಸಾಲದ ಕಂತಿನ ಲೆಕ್ಕವಲ್ಲದೆ ಹೆಚ್ಚೇನೂ ಇಲ್ಲ. ಆದರೂ ಆಗಾಗ ತೆಗೆದು ನನ್ನ ಕೈಗೆ ಕೊಟ್ಟು ಓದಿಸುತ್ತಾಳೆ.